ಎಷ್ಟು ಎಕ್ಸ್, ರಾಯರೇ?

ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ರಾಯರನ್ನು ಅರಿಯದವರಿಲ್ಲ. ಹೊಸದಾಗಿ ಬಂದವರು ಕಾರು ಕೊಳ್ಳಲಿ, ವೆಟ್ ಗ್ರೈಂಡರ್ ಕೊಳ್ಳಲಿ, ಅಂಗಳದ ಹಿಮ ಎತ್ತುವ ಯಂತ್ರ ಕೊಳ್ಳಲಿ, ಮೊದಲು ಅವರಿಗೊಂದು ಫೋನ್ ಮಾಡಲೇಬೇಕು. ರಾಯರು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಫೋನ್ ಇಡುವ ಹೊತ್ತಿಗೆ ಮೂರು ಮಾಡೆಲ್‌ಗಳ ದೋಷ ಪೂರ್ತಿ ಗೊತ್ತಾಗಿರುತ್ತದೆ. ಕೊಳ್ಳುವ ಹುಮ್ಮಸ್ಸು ಮಾತ್ರ ಉಳಿದಿರುವುದಿಲ್ಲ. ಇವರು ಕೊಳ್ಳುವ ಜಾತಿಯವರಲ್ಲ, ಆರಿಸುವ ಜಾತಿಯವರು. ಕೊಂಡುಬಿಟ್ಟರೆ ವಸ್ತು ಮನೆಗೆ ಬರುತ್ತದೆ, ಸುಖ ಮುಗಿಯುತ್ತದೆ. ಆರಿಸುತ್ತಿರುವಷ್ಟು ದಿನ ಅಂಗಡಿಯಲ್ಲಿರುವುದೆಲ್ಲ ತಮ್ಮದೇ.

ಇಂಥ ರಾಯರ ಕೈಗೆ ಬಂದೂಕು ಬಂದದ್ದು ಅವರೇಕಾಯಿಯ ದೆಸೆಯಿಂದ. ಹಿತ್ತಲಲ್ಲಿ ಆಸೆಪಟ್ಟು ಹಬ್ಬಿಸಿದ ಬಳ್ಳಿ ಹೂಬಿಡುವ ಹೊತ್ತಿಗೆ ಬಿಳಿಬಾಲದ ಜಿಂಕೆಗಳು ಬಂದು ಬುಡದವರೆಗೂ ಮೇಯ್ದು ಹೋದವು. ನಮ್ಮ ಕಡೆ 1972ರ ವನ್ಯಜೀವಿ ಕಾಯಿದೆಯಡಿ ಜಿಂಕೆ ಬೇಟೆ ಎಂದರೆ ಜೈಲು. ಪೆನ್ಸಿಲ್ವೇನಿಯಾದಲ್ಲಿ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಮೊದಲ ಸಲ ಪಡೆಯುವವರಿಗೆ ಪಾಠ ಹೇಳಿ ಪರೀಕ್ಷೆಯನ್ನೂ ಮಾಡುತ್ತದೆ. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರಾಯರು ಹೆಸರು ಬರೆಸಿಬಿಟ್ಟರು. ನೂರಕ್ಕೆ ನೂರು ತೆಗೆದರೆಂದು ಬೇರೆ ಹೇಳಬೇಕಾಗಿಲ್ಲ.

“ರೀ, ಬೆಳ್ಳುಳ್ಳಿ ಕಂಡರೆ ಮೂಗು ಮುಚ್ಚಿಕೊಳ್ಳೋರು ನೀವು. ಜಿಂಕೆ ಹೊಡೆದು ಏನ್ಮಾಡ್ತೀರಿ?” ಎಂದು ಅವರ ಮನೆಯಾಕೆ ಕೇಳಿದರು.

ರಾಯರ ಹತ್ತಿರ ಉತ್ತರ ಸಿದ್ಧವಿತ್ತು. ಬೇಟೆಗಾರರು ಕೊಟ್ಟ ಜಿಂಕೆ ಮಾಂಸವನ್ನು ಇಲ್ಲದವರಿಗೆ ಹಂಚುವ ‘ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್’ ಎಂಬ ಕಾರ್ಯಕ್ರಮ ಆ ರಾಜ್ಯದಲ್ಲಿ 1991ರಿಂದ ನಡೆಯುತ್ತಿದೆ. “ಅನ್ನದಾನ ಕಣೇ” ಎಂದರು. ಆಕೆ ಮರುಮಾತಾಡಲಿಲ್ಲ. ಇವರ ಕೈಯಲ್ಲಿ ಜಿಂಕೆ ಸಾಯುವುದಿಲ್ಲವೆಂಬ ಭರವಸೆ ಆಕೆಗೆ ಆಗಲೇ ಇತ್ತೆಂದು ಕಾಣುತ್ತದೆ.

ಬಂದೂಕು ಆರಿಸಿದ್ದು ಅಂಥ ದೊಡ್ಡ ಕಥೆಯಲ್ಲ. .308 ಬೋಲ್ಟ್ ಆಕ್ಷನ್ ರೈಫಲ್ಲು, ಒಂದೇ ಚಳಿಗಾಲದಲ್ಲಿ ತೀರ್ಮಾನವಾಯಿತು. ನಿಜವಾದ ರಾಮಾಯಣ ಶುರುವಾದದ್ದು ಅದರ ನೆತ್ತಿಯ ಮೇಲೆ ಕೂರಬೇಕಾದ ದುರ್ಬೀನಿನಿಂದ, ಅಂದರೆ ಸ್ಕೋಪಿನಿಂದ.

ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ರಾಯರು ನನ್ನನ್ನು ಮೂಲೆಗೆ ಒತ್ತಿಕೊಂಡು ಕೂತರು. ನನ್ನ ಕೈಯಲ್ಲಿದ್ದ ಕಾಗದದ ತಟ್ಟೆಯನ್ನು ತೋರಿಸಿ, “ನೋಡಿ ಸ್ವಾಮಿ, ಜಿಂಕೆಯ ಹೃದಯ, ಶ್ವಾಸಕೋಶ ಎಲ್ಲ ಸೇರಿ ಇಷ್ಟೇ. ಎಂಟು ಇಂಚು. ಗುಂಡು ಈ ತಟ್ಟೆಯೊಳಗೆ ಬೀಳಬೇಕು” ಎಂದರು. ತಟ್ಟೆಯಲ್ಲಿ ಸಪಾದ ಭಕ್ಷ್ಯವಿತ್ತು. ದ್ರಾಕ್ಷಿಯೊಂದನ್ನು ಬೆರಳಲ್ಲಿ ನಡುಮಧ್ಯಕ್ಕೆ ದೂಡಿ, “ಇಲ್ಲಿ” ಎಂದರು. ಪಕ್ಕದಲ್ಲಿ ಕೂತಿದ್ದ ಮುದುಕಮ್ಮ ತಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

ಆಮೇಲೆ ಲೆಕ್ಕ ಬಂತು. ಸ್ಕೋಪಿನ ಮೇಲೆ 3-9×40 ಎಂದು ಬರೆದಿದ್ದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ ಎಂದರ್ಥ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಒಂಬತ್ತು ಪಟ್ಟಿನಲ್ಲಿ, ಅಂದರೆ ಒಂಬತ್ತು ಎಕ್ಸ್‌ನಲ್ಲಿ, 40ರ ಗಾಜು ಕೊಡುವುದು ಸುಮಾರು ನಾಲ್ಕೂವರೆ ಮಿಲಿಮೀಟರ್. “ಕತ್ತಲಲ್ಲಿ ಮನುಷ್ಯನ ಕಣ್ಣಿನ ಪಾಪೆ ಏಳು ಮಿಲಿಮೀಟರ್‌ವರೆಗೂ ಅರಳುತ್ತೆ. ಇಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ ಬೇಟೆಗೆ ಅನುಮತಿ. ಜಿಂಕೆ ಓಡಾಡೋದೇ ಆ ಮಬ್ಬಿನಲ್ಲಿ. ಅದಕ್ಕೇ 56ರ ಗಾಜು ಬೇಕು. ಎಂಟು ಎಕ್ಸ್‌ನಲ್ಲಿ ಸರಿಯಾಗಿ ಏಳು ಮಿಲಿಮೀಟರ್!”

ಪ್ರಸಾದ ಹಂಚುತ್ತಿದ್ದ ಅವರ ಮನೆಯಾಕೆ ನಿಂತು ಕೇಳಿಸಿಕೊಂಡರು. “ಏಳು ಅರಳೋದು ಇಪ್ಪತ್ತರ ಹುಡುಗರಿಗೆ ಅಂತ ಮೊನ್ನೆ ಕಣ್ಣಿನ ಡಾಕ್ಟರ್ ಹೇಳಲಿಲ್ವೇ? ಐವತ್ತು ದಾಟಿದ ನಿಮ್ಮ ಕಣ್ಣು ಐದು ಅರಳಿದರೆ ಹೆಚ್ಚು. ಮಿಕ್ಕ ಬೆಳಕನ್ನ ಯಾರಿಗೆ ಕೊಡ್ತೀರಿ?” ಎಂದು ಮುಂದಿನ ಸಾಲಿಗೆ ಹೋದರು. ಅಷ್ಟು ಚೊಕ್ಕವಾಗಿ ಆ ವಿಷಯ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ರಾಯರು ಕೇಳಿಸದವರಂತೆ ಇನ್ನೊಂದು ದ್ರಾಕ್ಷಿ ದೂಡಿದರು.

ಬಂದೂಕಿನ ಅಂಗಡಿಗೂ ಒಮ್ಮೆ ನನ್ನನ್ನು ಎಳೆದುಕೊಂಡು ಹೋದರು. ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿಗಡ್ಡದ ಯಜಮಾನ. ಲುಪೋಲ್ಡ್, ವೋರ್ಟೆಕ್ಸ್, ಝೈಸ್ ಎಲ್ಲ ಗಾಜಿನ ಕಪಾಟಿನಲ್ಲಿ ಸಾಲಾಗಿ ಮಲಗಿದ್ದವು. ರಾಯರು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆ ಹರಡಿದರು. ಯಜಮಾನ ಅದರತ್ತ ನೋಡಲೇ ಇಲ್ಲ. ಒಂದೇ ಪ್ರಶ್ನೆ ಕೇಳಿದ: ಎಲ್ಲಿ ಕೂತು, ಎಷ್ಟು ದೂರಕ್ಕೆ ಹೊಡೀತೀರಿ?

ರಾಯರು ವಯೋಮಿಂಗ್ ಬಯಲಿನ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿಯ ಮಾತೆತ್ತಿದರು, ಆರುನೂರು ಗಜ ಎಂದರು, ಅಡ್ಡಗಾಳಿ ಎಂದರು. ವಯೋಮಿಂಗಿಗೆ ಯಾವಾಗ ಹೋಗುತ್ತೀರಿ ಎಂದು ಅವನು ವಿಚಾರಿಸಿದ. ಸದ್ಯಕ್ಕೆ ಯೋಜನೆಯಿಲ್ಲ ಎಂದರು ಇವರು. ಈ ಜಿಲ್ಲೆಯ ಓಕ್ ಕಾಡಿನಲ್ಲಿ ನೂರು ಗಜ ನೆಟ್ಟಗೆ ಕಂಡರೆ ಪುಣ್ಯ ಎಂದು ಯಜಮಾನ ಒಂದು 3-9×40 ತೆಗೆದು ಮುಂದಿಟ್ಟ. ಮೂರು ಎಕ್ಸ್‌ನಲ್ಲಿ ನೂರು ಗಜದಾಚೆ ಮೂವತ್ತು ಅಡಿಗೂ ಮೀರಿ ಅಗಲ ಕಾಣುತ್ತದೆ, ಜಿಂಕೆ ಎಲ್ಲಿಂದ ನುಗ್ಗಿದರೂ ಸಿಗುತ್ತದೆ. ಒಂಬತ್ತಕ್ಕೆ ಏರಿಸಿದರೆ ಹದಿನಾಲ್ಕು ಅಡಿಯಷ್ಟೇ ಎಂದು ವಿವರಿಸಿದ. ರಾಯರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಇಟ್ಟರು.

“ಇದು ಎಲ್ಲರ ಹತ್ತಿರವೂ ಇದೆಯಲ್ಲ” ಎಂದರು, ನನ್ನ ಕಡೆ ತಿರುಗಿ, ಕನ್ನಡದಲ್ಲಿ.

ಅಲ್ಲಿಗೆ ನನಗೆ ರಾಯರ ಹಾಳೆಯ ಗುಟ್ಟು ತಿಳಿಯಿತು. ಅದರಲ್ಲಿ ಬೆಲೆ, ತೂಕ, ಗಾಜಿನ ಲೇಪ, ಟ್ಯೂಬಿನ ದಪ್ಪ ಎಂದು ಅಂಕಣಗಳಿದ್ದವು. ಹೊಡೆಯುವ ದೂರಕ್ಕೆ ಅಂಕಣವೇ ಇರಲಿಲ್ಲ. ಇಂಥವರು ಇರುವ ಜಾಗಕ್ಕೆ ತಕ್ಕಂತೆ ಕೊಳ್ಳುವುದಿಲ್ಲ, ಹೋಗಬಹುದಾದ ಜಾಗಕ್ಕೆ ತಕ್ಕಂತೆ ಕೊಳ್ಳುತ್ತಾರೆ. ಮಗ್ಗಿ ಕಲಿಯುವ ಮಗುವಿಗೆ ಇಂಜಿನಿಯರಿಂಗ್ ಕ್ಯಾಲ್ಕುಲೇಟರ್ ತಂದವರೂ ಇವರೇ.

ಕೊನೆಗೆ ಬಂದದ್ದು 5-25×56. ಬೆಲೆ ರೈಫಲ್ಲಿನ ಎರಡರಷ್ಟು, ತೂಕ ಒಂದು ಕಿಲೋ ಮೇಲೆ. ಅಷ್ಟಗಲದ ಗಾಜು ನಳಿಗೆಗೆ ತಾಗಬಾರದೆಂದು ಎತ್ತರದ ರಿಂಗ್ ಹಾಕಬೇಕಾಯಿತು. ಸ್ಕೋಪ್ ಮೇಲೆ ಹೋಯಿತು, ಕೆನ್ನೆ ಬಂದೂಕಿನ ಹಿಡಿಗೆ ತಾಗದೆ ಗಾಳಿಯಲ್ಲಿ ನಿಂತಿತು. ರಾಯರು ಕತ್ತು ಚಾಚಿ ಚಾಚಿ ಗಾಜಿಗೆ ಕಣ್ಣು ತಂದರು. ಕಣ್ಣಿಗೂ ಗಾಜಿಗೂ ಮೂರೂವರೆ ಇಂಚು ಬಿಟ್ಟಿರಬೇಕೆಂಬುದು ಅವರ ಹಾಳೆಯ ಹನ್ನೊಂದನೇ ಅಂಕಣದಲ್ಲಿ ದಪ್ಪಕ್ಷರದಲ್ಲಿತ್ತು. ಗುರಿ ಹೊಂದಿಸಲು ಶೂಟಿಂಗ್ ರೇಂಜಿಗೆ ಹೋದ ದಿನ .308 ಹಿಂದಕ್ಕೆ ಒದ್ದಿತು, ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅಚ್ಚುಕಟ್ಟಾಗಿ ಕೂತಿತು. ಮುಂದಿನ ಏಕಾದಶಿಗೆ ದೇವಸ್ಥಾನದಲ್ಲಿ ಸಿಕ್ಕಾಗ ಹಣೆಯ ಮೇಲೆ ಎಂದಿನ ಅಂಗಾರದ ಗೆರೆ, ಅದರ ಪಕ್ಕದಲ್ಲಿ ಹೊಸದಾಗಿ ಒಂದು ಅರ್ಧಚಂದ್ರ. ಅರ್ಚಕರು ತೀರ್ಥ ಕೊಡುತ್ತಾ, “ಇದು ಯಾವ ಮಠದ ಸಂಪ್ರದಾಯ ರಾಯರೇ?” ಎಂದು ಕೇಳಿದರಂತೆ.

ಗಾಯ ಮಾಯುವಷ್ಟರಲ್ಲಿ ಬೇಟೆಯ ಕಾಲ ಬಂತು. ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಬೇಟೆ ಮೊದಲೆಲ್ಲ ಥ್ಯಾಂಕ್ಸ್‌ಗಿವಿಂಗ್ ಕಳೆದ ಸೋಮವಾರ ಶುರುವಾಗುತ್ತಿತ್ತು. ಹಳ್ಳಿ ಕಡೆ ಶಾಲೆಗಳಿಗೂ ಅಂದು ರಜೆ. 2019ರಿಂದ ಅದನ್ನು ಶನಿವಾರಕ್ಕೆ ತಂದಿದ್ದಾರೆ. “ಶನಿವಾರ ವೆಂಕಟರಮಣನ ದಿನ, ಪೆನ್ ಹಿಲ್ಸ್ ದೇವಸ್ಥಾನ ಬಿಟ್ಟು ಕಾಡಿಗೆ ಹೊರಟಿರಲ್ಲ” ಎಂಬ ಮಾತು ಬೆನ್ನಿಗೆ ಕೇಳಿಸಿಕೊಂಡೇ ರಾಯರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿ, ಅಂಗಿ ತೊಟ್ಟು ಹೊರಟರು. ತಲೆ, ಎದೆ, ಬೆನ್ನು ಸೇರಿ ಇನ್ನೂರೈವತ್ತು ಚದರ ಇಂಚು ಕಿತ್ತಳೆ ಬಣ್ಣ ಕಾಣಬೇಕೆಂಬುದು ಕಾನೂನು. ರಾಯರು ಟೇಪ್ ಹಿಡಿದು ಅಳೆದುಕೊಂಡಿದ್ದರು.

ಬೆಳಕು ಹರಿಯುವ ಮುಂಚೆ ಓಕ್ ಮರದ ಬುಡದಲ್ಲಿ ಕೂತರು. ಕಣಿವೆಯಾಚೆಯ ಇಳಿಜಾರು ಹೇಗೆ ಕಾಣುತ್ತದೆಂದು ಸ್ಕೋಪನ್ನು 25ಕ್ಕೆ ತಿರುಗಿಸಿದರು. ಆಚೆಯ ಮರದ ತೊಗಟೆಯ ಮೇಲಿನ ಪಾಚಿ ಕೂಡ ಎಣಿಸುವಷ್ಟು ಸ್ಪಷ್ಟ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಆನಂದಪಡುತ್ತಿರುವಾಗಲೇ ಈಚೆ ಪೊದೆಯಿಂದ ಗಂಡು ಜಿಂಕೆಯೊಂದು ಹೊರಬಂದು ನಿಂತಿತು. ನಲವತ್ತು ಗಜ.

ಆ ರಾಜ್ಯದಲ್ಲಿ ಕಂಡ ಕೊಂಬಿಗೆಲ್ಲ ಗುಂಡು ಹಾರಿಸುವಂತಿಲ್ಲ; 2002ರಿಂದ ಕೊಂಬಿನ ಕವಲು ಎಣಿಸಬೇಕು, ಒಂದು ಪಕ್ಕದಲ್ಲಾದರೂ ಮೂರಿರಬೇಕು. ರಾಯರು ಬಂದೂಕೆತ್ತಿ ಕಣ್ಣಿಟ್ಟರು. ಕಂದು ರೋಮ ಕಂಡಿತು. 25 ಎಕ್ಸ್‌ನಲ್ಲಿ ನಲವತ್ತು ಗಜದಾಚೆ ಕಾಣುವ ಅಗಲ ಎರಡು ಅಡಿಗಿಂತ ಕಡಿಮೆ. ಬಲಕ್ಕೆ ಸರಿಸಿದರೆ ಇನ್ನಷ್ಟು ರೋಮ. ಎಡಕ್ಕೆ ಸರಿಸಿದರೆ ಒಂದು ಹುಲ್ಲು ಗರಿ. ಕೊಂಬು ಯಾವ ಕಡೆ, ಬಾಲ ಯಾವ ಕಡೆ ಗೊತ್ತಾಗಲಿಲ್ಲ. ದೂರಕ್ಕೆ ಹೊಂದಿಸಿದ್ದ ಪ್ಯಾರಲಾಕ್ಸ್ ಗುಂಡಿಯನ್ನು ಹತ್ತಿರಕ್ಕೆ ತಿರುಗಿಸಿದರು, ಎಕ್ಸ್ ಇಳಿಸಲು ಉಂಗುರ ತಿರುಗಿಸಿದರು. ಚಳಿಗೆ ಗ್ಲೌಸ್ ಜಾರಿತು. ಕಣ್ಣೆತ್ತಿ ಬರಿಗಣ್ಣಲ್ಲಿ ನೋಡಿದರೆ ಜಿಂಕೆ ಇವರನ್ನೇ ನೋಡುತ್ತಿತ್ತು. ಕೊಂಬು ಚೆನ್ನಾಗಿ ಕಾಣುತ್ತಿತ್ತಂತೆ. ಒಂದೊಂದು ಪಕ್ಕಕ್ಕೆ ನಾಲ್ಕು ಕವಲು. ಎಣಿಸಿ ಮುಗಿಯುವವರೆಗೂ ನಿಂತಿದ್ದು, ಬಿಳಿಬಾಲ ಎತ್ತಿ ಹೋಯಿತು.

ಬೇರೆಯವರಾಗಿದ್ದರೆ ಸ್ಕೋಪನ್ನು ಬೈಯುತ್ತಿದ್ದರು, ಇಲ್ಲವೇ ಮಾರುತ್ತಿದ್ದರು. ರಾಯರು ಹಾಳೆಗೆ ಹೊಸ ಅಂಕಣ ಸೇರಿಸಿದರು: ‘ಗ್ಲೌಸ್‌ನ ಹಿಡಿತ’. ಈಗ ಗ್ಲೌಸ್ ಆರಿಸುತ್ತಿದ್ದಾರೆ.

ಇಷ್ಟಾದರೂ ಒಂದು ಮಾತು ಒಪ್ಪಬೇಕು. ತಮ್ಮ ವಿಷಯ ಬಿಟ್ಟರೆ ರಾಯರಷ್ಟು ಒಳ್ಳೆಯ ಸಲಹೆ ಕೊಡುವವರು ಇನ್ನೊಬ್ಬರಿಲ್ಲ. ಮೊನ್ನೆ ಹಾಸನದ ಕಡೆಯ ಹುಡುಗನೊಬ್ಬ ಬೇಟೆ ಕಲಿಯುತ್ತೇನೆಂದು ಬಂದು, “ಎಷ್ಟು ಎಕ್ಸ್ ತಗೊಳ್ಳಲಿ ಸರ್?” ಎಂದ. ರಾಯರು ಒಂದು ಉಸಿರಿಗೆ ಹೇಳಿದರು: “ಕಾಡಲ್ಲಿ ಕೂತು ಹೊಡೆಯೋನಿಗೆ 2-7 ಅಥವಾ 3-9 ಸಾಕು ಕಣಯ್ಯ. ಮುಂದಿನ ಗಾಜು 40 ಮೀರೋದು ಬೇಡ. ಉಳಿದ ದುಡ್ಡನ್ನ ಗಾಜಿನ ಗುಣಕ್ಕೆ ಹಾಕು. ತಗ್ಗಿನ ರಿಂಗ್ ಹಾಕಿಸು, ಕೆನ್ನೆ ಕೂರಬೇಕು. ಕೂತಿರುವಾಗ ಕಡಿಮೆ ಎಕ್ಸ್‌ನಲ್ಲೇ ಇಟ್ಟಿರು. ದೂರದ್ದು ಬಂದರೆ ತಿರುಗಿಸೋಕೆ ಟೈಮ್ ಸಿಗುತ್ತೆ, ಹತ್ತಿರದ್ದು ಬಂದರೆ ಸಿಗಲ್ಲ.”

ಹುಡುಗ ಚಾಚೂ ತಪ್ಪದೆ ಹಾಗೇ ಮಾಡಿದ. ಸೀಸನ್ನಿನ ಮೊದಲ ಬೆಳಿಗ್ಗೆಯೇ ಜಿಂಕೆ ಬಿತ್ತು. ಕೃತಜ್ಞತೆ ಹೇಳಲು ಕಾಡಿನಿಂದಲೇ ಫೋನ್ ಮಾಡಿದ. ಆಗ ನಾನು ರಾಯರ ಎದುರಿಗೇ ಕಾಫಿ ಕುಡಿಯುತ್ತಾ ಕೂತಿದ್ದೆ.

“ಎಷ್ಟು ದೂರದಿಂದ?” ಎಂದರು ರಾಯರು.

“ಐವತ್ತು ಗಜ ಸರ್.”

“ಎಷ್ಟು ಎಕ್ಸ್?”

“ಮೂರು. ನೀವು ಹೇಳಿದ ಹಾಗೇ.”

ರಾಯರು ನಿಟ್ಟುಸಿರುಬಿಟ್ಟರು. “ಐವತ್ತು ಗಜಕ್ಕೆ ಸ್ಕೋಪ್ ಯಾಕಯ್ಯ ಬೇಕಿತ್ತು?” ಎಂದು ಫೋನಿಟ್ಟು, ಲ್ಯಾಪ್‌ಟಾಪ್ ತೆರೆದು ಆ 3-9×40ರ ಸಾಲನ್ನು ಹುಡುಕಿದರು. ಷರಾ ಅಂಕಣದಲ್ಲಿ ಬರೆದರು: ‘ಒಂದು ಜಿಂಕೆ. ಸಾಕ್ಷ್ಯ ಸಾಲದು.’