‘ನಾನ್ಯಾರು ಗೊತ್ತಾ?’ ಇಲ್ಲಿ ನಡೆಯಲ್ಲ!

ನಿಜ ಹೇಳಿ, ಕ್ಯೂ ಕಂಡ ಕೂಡಲೇ ನಿಮ್ಮ ಕಣ್ಣು ಸೈಡ್ ಗೇಟ್ ಹುಡುಕುತ್ತೆ ತಾನೆ? ಮೈಲಾಪುರದ ಕಪಾಲೀಶ್ವರನ ಮುಂದೆ ನಿಂತಾಗ್ಲೂ ‘ನಾನ್ಯಾರು ಗೊತ್ತಾ?’ ಅನ್ನೋ ಡೈಲಾಗ್ ನಾಲಿಗೆ ತುದೀಲೇ ಇರುತ್ತೆ. (ಗೊತ್ತಿಲ್ಲ ಅಂದವರ ಮೇಲೆ ಸಿಟ್ಟು ಬೇರೆ.) ಅದಕ್ಕೆ ಕ್ಯಾರೇ ಅನ್ನದ ಮಹಾತಾಯಿಯೊಬ್ಬಳು ಚೆನ್ನೈನಲ್ಲೇ ಇದ್ದಾಳೆ. ಹೆಸರು ಶಕ್ತಿ. (ಫ್ರೀ ಬಸ್ ಅಲ್ಲ, ಕೂತ್ಕೊಳ್ಳಿ.)

ಜಿಂಕೆ ಓಡಾಡೋ ಐಐಟಿ ಮದ್ರಾಸ್ ಕ್ಯಾಂಪಸ್‌ನಲ್ಲಿ ಪ್ರೊ. ವಿ. ಕಾಮಕೋಟಿ ಬಳಗ ರೂಪಿಸಿದ ರಿಸ್ಕ್-ಫೈವ್ (ಯಾರು ಬೇಕಾದ್ರೂ ಬಳಸಬಹುದಾದ ಚಿಪ್ ಭಾಷೆ) ಪ್ರೊಸೆಸರ್ ಇದು. 2018ರಲ್ಲಿ ಒಂದು ಚಿಪ್ ಅಮೆರಿಕದ ಇಂಟೆಲ್‌ನಲ್ಲಿ ತಯಾರಾಯ್ತು, ಇನ್ನೊಂದು ನಮ್ಮ ಚಂಡೀಗಢದ ಪಕ್ಕದ ಮೊಹಾಲಿಯಲ್ಲೇ.

ಇದರ ಸಿ-ಕ್ಲಾಸ್ ಕೋರ್‌ನಲ್ಲಿ ಮೂರು ಅಂತಸ್ತು. ನಿಮ್ಮ ಆ್ಯಪುಗಳೆಲ್ಲ ಯೂಸರ್ ಮೋಡ್‌ನಲ್ಲಿ, ನಂಬರ್ 0. ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್ ಸೂಪರ್‌ವೈಸರ್ ಮೋಡ್‌ನಲ್ಲಿ, ನಂಬರ್ 1. ಎಲ್ಲಕ್ಕೂ ಮೇಲೆ ಮಷೀನ್ ಮೋಡ್, ನಂಬರ್ 3. (2 ಎಲ್ಲಿ ಅಂತೀರಾ? ಆ ಸೀಟಿಗೆ ಕರ್ಚೀಫ್ ಹಾಕಿಟ್ಟಿದ್ದಾರೆ.)

ಈಗ ಸೊನ್ನೆಯಲ್ಲಿರೋ ಪ್ರೋಗ್ರಾಂ ಸೂಪರ್‌ವೈಸರ್ ರಿಜಿಸ್ಟರಿಗೆ (ಚಿಪ್ಪಿನೊಳಗಿನ ಪುಟ್ಟ ಖಾನೆ) ಕೈ ಹಾಕಿತು ಅನ್ನಿ. ಜಗಳವಿಲ್ಲ, ಬೈಗುಳವಿಲ್ಲ. ಚಿಪ್ ಕಾರಣ ಸಂಖ್ಯೆ 2, ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಬರೆದುಕೊಂಡು ಸೀದಾ ಮೇಲಿನವರ ಕೈಗೆ ಒಪ್ಪಿಸುತ್ತೆ. ಲಿನಕ್ಸ್ ಸಾಮಾನ್ಯವಾಗಿ ಆ ಪ್ರೋಗ್ರಾಂ ಕಥೆ ಅಲ್ಲಿಗೇ ಮುಗಿಸುತ್ತೆ.

ಹಾಗಾದ್ರೆ ಪರದೆ ಮೇಲೆ ಒಂದಕ್ಷರ ಮೂಡಿಸೋದು ಹೇಗೆ? ‘ಎ7’ ರಿಜಿಸ್ಟರಲ್ಲಿ 64 ಅಂತಿಟ್ಟು (ಬರೆಯೋ ಕೆಲಸದ ನಂಬರ್ ಅದು) ‘ಈ-ಕಾಲ್’ (ಕರ್ನಲ್ಲನ್ನ ಕರೆಯೋ ಆದೇಶ) ಅನ್ನಬೇಕು. ಆಮೇಲೆ ಎಲ್ಲಿಗೆ ಹೋಗ್ಬೇಕು ಅನ್ನೋದೂ ನಿಮ್ಮಿಷ್ಟ ಅಲ್ಲ. ಕರ್ನಲ್ ಮೊದಲೇ ಬರೆದಿಟ್ಟ ವಿಳಾಸಕ್ಕೇ ಹೋಗೋದು. ಬಾಗಿಲು ಅದೊಂದೇ!

‘ನನ್ನ ಹತ್ರ ಅಡ್ಮಿನ್ ಪಾಸ್‌ವರ್ಡ್ ಇದೆ’ ಅಂತ ಕಾಲರ್ ಎತ್ತಬೇಡಿ. ರೂಟ್ ಆಗಿ ಲಾಗಿನ್ ಆದ್ರೂ ನಿಮ್ಮ ಪ್ರೋಗ್ರಾಂ ಓಡೋದು ಅದೇ ಸೊನ್ನೇಲಿ. ರೂಟ್ ಯಾರು ಅನ್ನೋದು ಕರ್ನಲ್ ಬರೆದಿಟ್ಟುಕೊಳ್ಳೋ ಲೆಕ್ಕ, ಚಿಪ್ಪಿಗೆ ಅವರ ಪರಿಚಯವೇ ಇಲ್ಲ. (ಕರ್ನಲ್ ಮಾಡ್ಯೂಲ್ ಹಾಕ್ತೀರಾ? ಹಾಕಿ. ಅದಕ್ಕೂ ಈ-ಕಾಲ್ ಮಾಡೇ ಕೇಳ್ಬೇಕು.)

ಚಿಪ್ಪಿನೊಳಗೆ ಇಷ್ಟೆಲ್ಲ ಕಾವಲು. ನೀವೋ, ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್ ಕೇಳಿದ್ರೂ ಕಣ್ಮುಚ್ಚಿ ‘ಅಲೋ’ ಒತ್ತೋರು! ಒತ್ತಿದ್ಮೇಲೆ ಯಾವ ಪ್ರೊಸೆಸರೂ ಅಡ್ಡ ಬರಲ್ಲ. ಪರ್ಮಿಷನ್ ಪಟ್ಟಿ ಒಮ್ಮೆ ತೆಗೆದು ನೋಡಿ ಸ್ವಾಮಿ, ಯಾರ್ಯಾರನ್ನ ಒಳಗೆ ಬಿಟ್ಟಿದೀರಿ ಅಂತ.