ಮುಯ್ಯಿಯೋ ಮದ್ದೋ?

ಪಕ್ಕದ ಮನೆಯ ಅಕ್ಕ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿದರೆಂದರೆ ನಮ್ಮ ಗಿಡಗಳಿಗೆ ಅವತ್ತು ನೀರಿಲ್ಲ. ಮೊನ್ನೆ ಅವರ ದೂರು ಮೊಮ್ಮಗನ ಮೇಲೆ. ಜರ್ಮನಿಯಲ್ಲಿ ಹುಟ್ಟಿ ಬೆಳೆದ ಹುಡುಗ. ಅಕ್ಷರ ಕೂಡಿಸಿ ಓದುವುದನ್ನು ಈಗಷ್ಟೇ ಕಲಿತಿದ್ದಾನೆ. ಆಟದ ಸಾಮಾನು ಕೊಡಿಸೋಣವೆಂದು ಪೇಟೆಗೆ ಕರೆದುಕೊಂಡು ಹೋದರೆ, ‘ಗಿಫ್ಟ್ ಸೆಂಟರ್’ ಅಂತ ಇಂಗ್ಲಿಷಿನಲ್ಲಿದ್ದ ಬೋರ್ಡು ಓದಿ ಹೊಸಿಲಾಚೆಯೇ ನಿಂತುಬಿಟ್ಟನಂತೆ.

“ಒಳಗೆ ವಿಷ ಮಾರ್ತಾರೆ, ಬರಲ್ಲ ಅಂದ ಕಣಪ್ಪಾ! ಅಷ್ಟು ಜನರ ಮುಂದೆ ಮಾನ ಹೋಯ್ತು.”

“ಅವನದೇನು ತಪ್ಪಿಲ್ಲ ಅಕ್ಕಾ. ಜರ್ಮನ್‌ನಲ್ಲಿ ಗಿಫ್ಟ್ ಅಂದ್ರೆ ವಿಷವೇ. ಇಲಿ ಪಾಷಾಣಕ್ಕೆ ಅಲ್ಲಿ ರಾಟನ್‌ಗಿಫ್ಟ್ ಅಂತಾರೆ.”

“ಹಾಗಾದ್ರೆ ಅದು ಬೇರೆ ಗಿಫ್ಟು, ಇದು ಬೇರೆ ಗಿಫ್ಟು.”

ಅಲ್ಲೇ ಇರುವುದು ಮಜಾ. ಬೇರೆ ಅಲ್ಲ, ಎರಡೂ ಒಂದೇ ಬಳ್ಳಿಯ ಕಾಯಿ. ಬೇರು ‘ಕೊಡು’ ಅನ್ನುವ ಕ್ರಿಯೆ. ಹಳೆಯ ಜರ್ಮನ್‌ನಲ್ಲೂ ಗಿಫ್ಟ್ ಅಂದರೆ ಕೊಟ್ಟದ್ದು ಅಂತಲೇ ಇತ್ತು. ಗ್ರೀಕರ ವೈದ್ಯರು ಅಳೆದು ಕೊಡುವ ಮದ್ದಿಗೆ ‘ದೋಸಿಸ್’ ಅನ್ನುತ್ತಿದ್ದರು. ಅದಕ್ಕೂ ‘ಕೊಡುವುದು’ ಅಂತಲೇ ಅರ್ಥ. ಇವತ್ತಿನ ಡೋಸ್ ಅದೇ. ನಮ್ಮ ಸಂಸ್ಕೃತದ ‘ದಾನ’ವೂ ಅದಕ್ಕೆ ದಾಯಾದಿ. ಆ ದೋಸಿಸ್ ಲ್ಯಾಟಿನ್ ಮೂಲಕ ಬಂದಾಗ ಜರ್ಮನ್ನರು ಅದೇ ಅಚ್ಚಿನಲ್ಲಿ ತಮ್ಮ ‘ಗಿಫ್ಟ್’ ಅನ್ನು ಬಳಸಿದರು. ಆಮೇಲೆ ವಿಷಕ್ಕೂ ಅದೇ ಮರೆಮಾತಾಯಿತು; ವಿಷವನ್ನು ವಿಷ ಅನ್ನಲು ಯಾರಿಗೂ ನಾಲಿಗೆ ಬರುವುದಿಲ್ಲ. ಹಾವು ಕಚ್ಚಿತು ಅನ್ನದೆ ನಾವು ‘ಹುಳ ಮುಟ್ಟಿತು’ ಅನ್ನುವುದಿಲ್ಲವೇ, ಹಾಗೆ. ಕೊನೆಗೆ ಮುಚ್ಚಿಟ್ಟ ಅರ್ಥವೇ ಮನೆಯೊಡೆಯನಾಗಿ ಕೂತು, ಹಳೆಯದನ್ನು ಹೊರಗೆ ಹಾಕಿತು.

ಆ ಹಳೆಯ ಅರ್ಥಕ್ಕೆ ಸಿಕ್ಕ ಆಸರೆಯನ್ನಾದರೂ ನೋಡಿ: ‘ಮಿಟ್‌ಗಿಫ್ಟ್’. ಹೆಣ್ಣಿನ ಜೊತೆ ಕೊಟ್ಟು ಕಳಿಸುವುದು, ಅಂದರೆ ವರದಕ್ಷಿಣೆ.

“ಅದೂ ವಿಷವೇ ಬಿಡು” ಅಂದರು ಅಕ್ಕ.

ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರಿಗೆ ಗಿಫ್ಟ್ ಅಂದರೆ ವಿಷವೂ ಹೌದು, ‘ಮದುವೆಯಾದವರು’ ಅಂತಲೂ ಹೌದು. ಇದನ್ನು ಹೇಳಿದ್ದೇ ತಡ, ಅಕ್ಕ ಒಳಗೆ ಪೇಪರ್ ಓದುತ್ತಿದ್ದ ಯಜಮಾನರ ಕಡೆ ಒಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ನಗೆ ಆ ದೇಶಗಳಲ್ಲೂ ಹಳತೇ. ಆದರೆ ಮದುವೆಗೆ ಆ ಮಾತು ಬಂದದ್ದು ಹೆಣ್ಣು ‘ಕೊಡುವುದ’ರಿಂದ.

“ನಿಮ್ಮ ಮಗಳನ್ನ ಎಲ್ಲಿಗೆ ಕೊಟ್ಟಿದ್ದೀರಿ ಅಂತ ಕೇಳಿದ್ರೆ ಏನಂತೀರಿ?”

“ಸ್ಟಟ್‌ಗಾರ್ಟ್‌ಗೆ ಕೊಟ್ಟಿದ್ದೀನಿ ಅಂತೀನಿ.”

“ಅದೇ ಗಿಫ್ಟು!”

ಹಳೆಯ ಇಂಗ್ಲಿಷಿನಲ್ಲೂ ಈ ಪದಕ್ಕೆ ಮದುವೆಯ ನಂಟೇ ಇತ್ತು. ಅಲ್ಲಿ ಅದು ಗಂಡಿನ ಕಡೆಯವರು ಹೆಣ್ಣಿಗಾಗಿ ಕೊಡುವ ತೆರ. ಬರೀ ಉಡುಗೊರೆ ಅನ್ನುವ ಸಾಧು ಅರ್ಥ ಇಂಗ್ಲಿಷಿಗೆ ಬಂದದ್ದು ವೈಕಿಂಗರ ನಾಲಿಗೆಯಿಂದ. ಊರು ಸುಟ್ಟವರು ಇಂಥ ಸಂಪನ್ನ ಪದ ಬಿಟ್ಟುಹೋದದ್ದು ವಿಚಿತ್ರವೇ.

ಫ್ರಾನ್ಸಿನಲ್ಲಿ ಮಾರ್ಸೆಲ್ ಮೋಸ್ ಎಂಬ ವಿದ್ವಾಂಸರಿದ್ದರು (ಹೆಸರೇ ಹಾಗಿದೆ, ಏನು ಮಾಡೋಣ). 1924ರಲ್ಲಿ ಅವರು ‘ಗಿಫ್ಟ್, ಗಿಫ್ಟ್’ ಅಂತಲೇ ಒಂದು ಪುಟ್ಟ ಪ್ರಬಂಧ ಬರೆದರು. ಹಿಂದಿನ ಜರ್ಮನರಲ್ಲಿ ಉಡುಗೊರೆ ಅಂದರೆ ಹೆಚ್ಚಾಗಿ ಕುಡಿಯಲು ಕೊಡುವ ಪಾನ. ಎದುರಿನವನು ನೀಡಿದ ಬಟ್ಟಲಲ್ಲಿ ಇರುವುದು ಪ್ರೀತಿಯೋ ಪಾಷಾಣವೋ ಎಂಬ ಅನುಮಾನ ತಪ್ಪಿದ್ದಲ್ಲ ಅನ್ನುತ್ತಾರೆ ಮೋಸ್. ಕೊಟ್ಟದ್ದು ಮರಳಿ ಬರಲೇಬೇಕು, ಇಸಿದುಕೊಂಡವನು ಕಟ್ಟುಬೀಳುತ್ತಾನೆ ಎಂಬುದು ಅವರ ದೊಡ್ಡ ವಾದ.

ಇಷ್ಟೆಲ್ಲ ಕೇಳಿ ಅಕ್ಕ ತಣ್ಣಗೆ ಅಂದರು: “ಇದಕ್ಕೆ ಜರ್ಮನಿವರೆಗೆ ಯಾಕೆ ಹೋಗ್ಬೇಕಪ್ಪಾ? ಮದುವೆ ಮನೇಲಿ ಓದಿಸೋದು ಮುಯ್ಯಿ. ಸೇಡು ತೀರಿಸ್ಕೊಳ್ಳೋದೂ ಮುಯ್ಯಿ. ಜ್ವರಕ್ಕೆ ಕೊಡೋದು ಮದ್ದು, ಆಗದವರು ಊಟದಲ್ಲಿ ಹಾಕೋದೂ ಮದ್ದು.”

ನನ್ನ ಬಾಯಿ ಕಟ್ಟಿತು. ಮೋಸ್‌ಗೆ ಕನ್ನಡ ಬರುತ್ತಿದ್ದರೆ ಆ ಪ್ರಬಂಧ ಇನ್ನೆರಡು ಪುಟ ಬೆಳೆಯುತ್ತಿತ್ತು.

ಹೋಗುವ ಮುಂಚೆ ಅಕ್ಕ ಗೋಡೆಯ ಮೇಲಿಂದ ಒಂದು ಸ್ಟೀಲ್ ಡಬ್ಬಿ ದಾಟಿಸಿದರು, ತುಂಬ ಕೋಡುಬಳೆ. ಅದು ಖಾಲಿಯಾಗಿ ಮೂರು ದಿನವಾಯಿತು. ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ. ಬರಿದೇ ಹಿಂದಿರುಗಿಸುವ ಹಾಗಿಲ್ಲ.