ಯಾರು ಯಾರ ಮ್ಯಾಲ ಅವಲಂಬಿತ?

ನಮ್ಮ ಬಳಗದಲ್ಲಿ ವಿಮೆಯ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಬೈಲಹೊಂಗಲದ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದಾಗ ಯಶಸ್ವಿನಿ ಯೋಜನೆಗೆ ಹೆಸರು ಬರೆದುಕೊಂಡವ ನಾನು ಎಂಬುದಷ್ಟೇ ಇದಕ್ಕೆ ಕಾರಣ. 2003ರಲ್ಲಿ ಅದು ಶುರುವಾದಾಗ ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅದಕ್ಕೂ ಚೌಕಾಶಿ ನಡೆಯುತ್ತಿತ್ತು. ಇದು ಆಪರೇಶನ್ನಿಗೆ ಮಾತ್ರ ಎಂದು ತಿಳಿಸಿ ಹೇಳಿದರೆ, "ಕೊಯ್ದರ ಅಷ್ಟ ರೊಕ್ಕಾ ಏನ್ರಿ? ಹಂಗಾದ್ರ ಜ್ವರಾ ಬಂದಾಗ ಎಲ್ಲಿ ಕೊಯ್ಯಿಸ್ಕೋಬೇಕು?" ಎಂದು ಕೇಳುವವರಿದ್ದರು. ಆ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಎದ್ದಿತು. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ತಜ್ಞ ಎಂಬ ಹೆಸರು ಮಾತ್ರ ನಿವೃತ್ತವಾಗಲಿಲ್ಲ.

ಹೀಗಾಗಿ ಅಕ್ಕನ ಮಗ ಫೋನು ಮಾಡಿ, "ಮಾಮಾ, ಏರ್‌ಫೋರ್ಸ್ ಬಿಟ್ಟು ಏರ್‌ಲೈನ್ ಸೇರಾಕ ಹತ್ತೀನಿ. ಹೆಲ್ತ್ ಇನ್ಶೂರೆನ್ಸ್ ಯಾವದು ಮಾಡ್ಸಲಿ?" ಎಂದಾಗ ಹಿಂದೆ ಸರಿಯುವ ಹಾಗಿರಲಿಲ್ಲ. ವಿಜಯಪುರದ ಸೈನಿಕ ಶಾಲೆಯಲ್ಲಿ ಕಲಿತು ವಾಯುಪಡೆ ಸೇರಿದವ ಅವನು. ಇಪ್ಪತ್ತು ವರ್ಷ ದಾಟುವವರೆಗೆ ಎಎನ್-32 ಸಾಗಣೆ ವಿಮಾನ ಹಾರಿಸಿ, ಪಿಂಚಣಿ ಗಟ್ಟಿ ಮಾಡಿಕೊಂಡು ಹೊರಬರುತ್ತಿದ್ದ. ಊರವರು ಇದನ್ನು ಸರಳವಾಗಿ ತಿಳಿದುಕೊಂಡರು: "ಮೊದಲ ಲಡಾಖಕ್ಕ ಅಕ್ಕಿ ಚೀಲಾ ಒಯ್ತಿದ್ದ, ಇನ್ನ ಮ್ಯಾಲ ಮಂದೀನ್ನ ಒಯ್ತಾನಂತ."

ಸೇನೆಯಲ್ಲಿದ್ದಷ್ಟು ದಿನ ಅವನ ಕೈಗೆ ಆಸ್ಪತ್ರೆಯ ಬಿಲ್ಲು ಎಂಬ ಕಾಗದ ಬಂದೇ ಇರಲಿಲ್ಲ. ಮೈಗೆ ಹುಷಾರಿಲ್ಲವೆಂದರೆ ಸಿಕ್ ಕ್ವಾರ್ಟರ್ಸ್, ಅದಕ್ಕೂ ಹೆಚ್ಚಾದರೆ ಮಿಲಿಟರಿ ಆಸ್ಪತ್ರೆ. ಡಾಕ್ಟರು ನಾಲಿಗೆ ನೋಡಿ, ಗುಳಿಗೆ ಕೊಟ್ಟು, ಚೀಟಿಯ ಮೇಲೆ 'ಮೆಡಿಸಿನ್ ಅಂಡ್ ಡ್ಯೂಟಿ' ಎಂದು ಬರೆದರೆ ಮುಗಿಯಿತು: ಔಷಧ ತಗೋ, ಕೆಲಸಕ್ಕೆ ನಡಿ. ಜಡ್ಡು ಸರಕಾರದ್ದು, ಡಾಕ್ಟರ್ ಸರಕಾರದವ, ಗುಳಿಗೆಯೂ ಸರಕಾರದ್ದು. ಅಂಥವನಿಗೆ 'ರೂಮ್ ರೆಂಟ್ ಕ್ಯಾಪಿಂಗ್' ಎಂದರೆ ಏನು ಅರ್ಥವಾಗಬೇಕು?

ನಾನು ಮೊದಲು ಇಸಿಎಚ್‌ಎಸ್ ವಿಚಾರ ತೆಗೆದೆ. ಮಾಜಿ ಸೈನಿಕರ ಈ ಆರೋಗ್ಯ ಯೋಜನೆಯೂ 2003ರದ್ದೇ, ಏಪ್ರಿಲ್ 1ರಂದು ಶುರುವಾದದ್ದು. ನಮ್ಮ ಯಶಸ್ವಿನಿಯ ವಾರಿಗೆಯದು ಎಂದು ನನಗೆ ಇದರ ಮೇಲೆ ಸ್ವಲ್ಪ ಹೆಚ್ಚು ಅಕ್ಕರೆ. ಅಧಿಕಾರಿಯಾಗಿದ್ದವನು ನಿವೃತ್ತಿಯ ಹೊತ್ತಿಗೆ ಒಂದೇ ಸಲ 1,20,000 ರೂಪಾಯಿ ಕಟ್ಟಿದರೆ ಜೀವಮಾನಕ್ಕೆ ಸಾಕು. ವಯಸ್ಸು ಕೇಳುವುದಿಲ್ಲ, ಮೊದಲೇ ಯಾವ ಜಡ್ಡು ಇತ್ತು ಎಂದು ಕೇಳುವುದಿಲ್ಲ, ಖರ್ಚಿಗೆ ಇಷ್ಟೇ ಲಕ್ಷ ಎಂಬ ಗೆರೆಯಿಲ್ಲ. ಪೇಟೆಯಲ್ಲಿ ಇಂಥ ಪಾಲಿಸಿ ಯಾವ ರೊಕ್ಕಕ್ಕೂ ಸಿಗುವುದಿಲ್ಲ. ತ್ರಾಸು ಇರುವುದು ಪದ್ಧತಿಯಲ್ಲಿ. ಪಾಲಿಕ್ಲಿನಿಕ್ಕಿಗೆ ಹೋಗಬೇಕು, ಅಲ್ಲಿಂದ ರೆಫರಲ್ ಬರೆಸಿಕೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕು. ಬೈಲಹೊಂಗಲದವರಿಗೆ ಬೆಳಗಾವಿಯ ಬಸ್ಸು, ಅಲ್ಲಿ ಪಾಳಿ. ಜೀವಕ್ಕೆ ಬಂದಾಗ ನೇರ ಆಸ್ಪತ್ರೆಗೆ ಹೋಗಬಹುದು, ಆಮೇಲೆ ಬೇಗ ತಿಳಿಸಬೇಕು.

"ಅವ್ವಾ-ಅಪ್ಪಾನ್ನೂ ಅದರಾಗ ಸೇರಸ್ಬಹುದಲ್ಲ ಮಾಮಾ?" ಎಂದ ಅಳಿಯ. ಬಹುದು. ತಂದೆ-ತಾಯಿ ಅವಲಂಬಿತರಾಗಿರಬೇಕು, ಎಲ್ಲ ಮೂಲಗಳಿಂದ ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ ಮೀರಬಾರದು. ಈ ಸಂಗತಿಯನ್ನು ನಮ್ಮ ಭಾವನವರ ಕಿವಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಭಾವನವರು ಕಟ್ಟೆಯ ಮೇಲೆ ಕೂತು ಎಲಿ-ಅಡಕಿ ಹಾಕಿಕೊಳ್ಳುತ್ತಿದ್ದರು. ಎರಡೂ ಕಡೆಯಿಂದ ಎಲೆಯ ನಾರು ತೆಗೆದು, ಉಗುರಿನಿಂದ ಸುಣ್ಣ ಸವರಿ, ಡಬ್ಬಿಯಿಂದ ಚಿಟಿಕೆ ತಂಬಾಕು ಉದುರಿಸಿ, ಮಡಚಿ ದವಡೆಗೆ ಇಡುವವರೆಗೆ ಅವರ ಜೊತೆ ಮಾತಾಡಬಾರದು. ನಾನು ತಡೆದು, ಆಮೇಲೆ ಹೇಳಿದೆ.

"ಏನಂದಿ? ನಾನು ಅವನ ಮ್ಯಾಲ ಅವಲಂಬಿತ ಅದೀನಂತ ಸಹಿ ಮಾಡಬೇಕಾ?"

"ಕಾಗದದ ಮ್ಯಾಲ ಅಷ್ಟರೀ ಭಾವ."

"ಕಾಗದದ ಮ್ಯಾಲ ಹೊಲಾ ಯಾರ ಹೆಸರಿಲೆ ಐತಿ? ಕಬ್ಬಿನ ಬಿಲ್ಲು ಯಾರ ಖಾತೆಗೆ ಬರ್ತೈತಿ? ವರ್ಷಾ ಅವನ ಮನಿಗಿ ಬೆಲ್ಲಾ, ಜ್ವಾಳಾ, ಶೇಂಗಾ ಕಳಸಾಂವ ನಾನು. ಅವಲಂಬಿತ ಅಂವ ಅದಾನ. ಆ ಫಾರ್ಮ್ ಇದ್ರ ತಗೊಂಬಾ, ಅವನ ಕಡೆ ಸಹಿ ಮಾಡಸ್ತೀನಿ."

ಕಾನೂನಿನ ಪ್ರಕಾರವೂ ಅವರದೇ ಸರಿ. ಅಷ್ಟು ಕಬ್ಬು ಇರುವವರು ಅವಲಂಬಿತರಾಗಲು ಬರುವುದಿಲ್ಲ. ಆದರೆ ಅವರು ನಿರಾಕರಿಸಿದ್ದು ಕಾನೂನಿಗಾಗಿ ಅಲ್ಲವಲ್ಲ!

ಅಕ್ಕನದು ಬೇರೆಯೇ ವ್ಯವಸ್ಥೆ. ಮಗ ವಾಯುಪಡೆ ಸೇರಿದ ವರ್ಷದಿಂದ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಪಡ್ಡಲಗಿ ತುಂಬಿಸಿ ಬರುವುದನ್ನು ಅವಳು ತಪ್ಪಿಸಿಲ್ಲ. "ಇಷ್ಟು ವರ್ಷ ಮ್ಯಾಲ ಹಿಡಿದಾಕಿ ಯಾರು? ನಿಮ್ಮ ಕಂಪನಿಯಾಂವನಾ?" ಎಂಬುದು ಅವಳ ವಾದ. ಅಲ್ಲಿ ಕಾಯುವ ಅವಧಿ ಇಲ್ಲ, ಹೊರಗಿಟ್ಟ ಕಾಯಿಲೆಗಳ ಪಟ್ಟಿ ಇಲ್ಲ. ನಾನು ಎದುರು ಮಾತಾಡಲಿಲ್ಲ.

ಇನ್ನು ರಾಮದುರ್ಗದ ಕಡೆಯ ಸಲಹೆ. ಭಾವನವರ ಅಣ್ಣನ ಅಳಿಯ ಅಲ್ಲಿ ವಿಮಾ ಏಜೆಂಟ್. ಮಗ್ಗದ ಮನೆತನ, ಸೀರೆ ಮಾರಿದ ಕೈ. ಚಾಪೆಯ ಮೇಲೆ ಪಾಲಿಸಿಗಳನ್ನು ಸೀರೆ ಬಿಚ್ಚಿದಂತೆಯೇ ಬಿಚ್ಚಿದ. "ಇದು ಒಡಲು ನೋಡ್ರಿ, ಬೇಸ್ ಪಾಲಿಸಿ, ಐದು ಲಕ್ಷದ್ದು. ಇದು ದಡಿ, ರೈಡರ್. ಇದು ಸೆರಗು, ಸೂಪರ್ ಟಾಪ್-ಅಪ್. ಒಡಲು ಮುಗದಲ್ಲೆ ಇದು ಚಾಲೂ ಆಗ್ತೈತಿ, ಐದು ಲಕ್ಷದ ಮ್ಯಾಲಿಂದೆಲ್ಲಾ ಇದರದು. ನೋಡಾಕ ದೊಡ್ಡದು, ರೇಟು ಕಡಿಮಿ." ನಾನು ಎಷ್ಟೋ ಪುಸ್ತಿಕೆ ಓದಿಯೂ ತಿಳಿಯದ್ದು ಅವನ ಕೈ ಆಡಿದ್ದರಲ್ಲೇ ತಿಳಿಯಿತು. ಬಿಡಿ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ ಎಂದು ಕೊನೆಗೆ ತಾನೇ ರಿಯಾಯಿತಿ ಕೊಟ್ಟವನ ಹಾಗೆ ಹೇಳಿದ.

ಅವನು ಹೇಳದೆ ಬಿಟ್ಟದ್ದನ್ನು ಹೆಕ್ಕಿದವಳು ಅಕ್ಕನ ಸೊಸೆ. ಅವಳ ತವರು ಕಿತ್ತೂರು, ಓದಿದ್ದು ಅಲ್ಲಿಯ ರಾಣಿ ಚನ್ನಮ್ಮ ಹೆಣ್ಣುಮಕ್ಕಳ ಸೈನಿಕ ಶಾಲೆಯಲ್ಲಿ. 1969ರಿಂದ ಆ ಶಾಲೆ ಎಂಥವರನ್ನು ತಯಾರು ಮಾಡಿದೆ ಎಂದು ತಿಳಿಯಬೇಕಾದರೆ ಅವಳ ಎದುರು ಪಾಲಿಸಿ ಮಾರಿ ನೋಡಬೇಕು. ಪೆನ್ಸಿಲ್ ಹಿಡಿದು ಸಣ್ಣಕ್ಷರದಿಂದಲೇ ಓದಲು ಶುರುಮಾಡಿದಳು.

"ಐದು ಲಕ್ಷಕ್ಕ ಶೇಕಡಾ ಒಂದು ಅಂದ್ರ ರೂಮಿಗೆ ದಿನಕ್ಕ ಐದು ಸಾವಿರ. ಹತ್ತು ಸಾವಿರದ ರೂಮ್ ಹಿಡದ್ರ?"

"ಮ್ಯಾಲಿನ ಐದು ಸಾವಿರ ನೀವು ಕೊಡೂದ್ರಿ, ವೈನಿ."

"ಅಷ್ಟ ಅಲ್ಲ. ಇಲ್ಲಿ ಬರದಾರ ನೋಡ್ರಿ, ಡಾಕ್ಟರ್ ಫೀ, ಆಪರೇಶನ್ ಥಿಯೇಟರ್ ಎಲ್ಲಾ ಅದ ಲೆಕ್ಕದಾಗ ಅರ್ಧಾ ಕೊಯ್ತಾರ."

ರಾಮದುರ್ಗದವ ಆ ಪಾಲಿಸಿಯನ್ನು ಮೆಲ್ಲಗೆ ಮಡಚಿ ಚೀಲಕ್ಕೆ ಹಾಕಿಕೊಂಡ.

"ಕಂಪನಿ ಗ್ರೂಪ್ ಪಾಲಿಸಿ ಕೊಡ್ತೈತಿ, ಇದೆಲ್ಲಾ ಯಾಕ ಬೇಕು?" ಎಂದು ಅಳಿಯ ಕೇಳಿದ. ಏರ್‌ಲೈನಿನ ಗ್ರೂಪ್ ಪಾಲಿಸಿ ಒಳ್ಳೆಯದೇ, ಸಾಮಾನ್ಯವಾಗಿ ಹಳೆಯ ಜಡ್ಡಿಗೂ ಮೊದಲ ದಿನದಿಂದ ಸಿಗುತ್ತದೆ. ಆದರೆ ನೌಕರಿ ಇರುವವರೆಗೆ ಮಾತ್ರ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ವಾಯುಪಡೆ ಹಾಗೆ ಒಂದು ಬುಧವಾರ ಬಾಗಿಲು ಹಾಕಿದ್ದನ್ನು ನಾವು ಕಂಡಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. 60 ತಿಂಗಳು ತಪ್ಪದೆ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, 'ಇದನ್ನು ಮುಚ್ಚಿಟ್ಟಿದ್ದೀರಿ' ಎಂದು ಕ್ಲೇಮ್ ತಳ್ಳುವಂತಿಲ್ಲ. ಹಾಗಾದರೆ ನಲವತ್ತರ ಆಚೀಚೆ, ಮೈ ನೆಟ್ಟಗಿರುವಾಗ, ಆಸ್ಪತ್ರೆಯ ಖರ್ಚನ್ನು ಕಂಪನಿ ಕೊಡುತ್ತಿರುವಾಗಲೇ ಒಂದು ಸಣ್ಣ ಸ್ವಂತ ಪಾಲಿಸಿ ಶುರುಮಾಡಿ ಆ ತಿಂಗಳುಗಳನ್ನು ಕಳೆದುಬಿಡಬೇಕು. ಇಷ್ಟು ಹೇಳಿ ತಜ್ಞನ ಮರ್ಯಾದೆ ಉಳಿಸಿಕೊಂಡೆ.

ಪೈಲಟ್‌ನ ಸಂಕಟ ಮಾತ್ರ ನಮ್ಮ ನಿಮ್ಮಂಥದ್ದಲ್ಲ. ಅವನು ವರ್ಷಕ್ಕೊಮ್ಮೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ ಪಾಸಾಗಬೇಕು. ಬಿ.ಪಿ. ನಾಲ್ಕು ಗೆರೆ ಏರಿದರೆ 'ತಾತ್ಕಾಲಿಕ ಅನ್‌ಫಿಟ್', ಹಾರಾಟ ಬಂದ್. ಹೀಗಾಗಿ ಒಬ್ಬ ಡಾಕ್ಟರ ಎದುರು ತನ್ನಷ್ಟು ಗಟ್ಟಿಮುಟ್ಟಾದವ ಇಲ್ಲ ಎಂದು ಎದೆಯುಬ್ಬಿಸಿ ನಿಲ್ಲಬೇಕು. ಅದೇ ವಾರ ವಿಮೆಯ ಫಾರ್ಮಿನಲ್ಲಿ ಸಣ್ಣವನಿದ್ದಾಗ ಬಂದ ಕಾಮಾಲೆಯನ್ನೂ ನೆನಪಿಸಿಕೊಂಡು ಬರೆಯಬೇಕು. ಒಂದೇ ಮೈ, ಎರಡೂ ಕಡೆ ನಿಜವನ್ನೇ ಹೇಳಬೇಕು, ಮತ್ತು ಎರಡೂ ನಿಜ ಒಂದಕ್ಕೊಂದು ಹೊಂದಬೇಕು! ಮೆಡಿಕಲ್‌ನಲ್ಲಿ ಶಾಶ್ವತವಾಗಿ ನಪಾಸಾದರೆ ಆಸ್ಪತ್ರೆಯ ಪಾಲಿಸಿ ಹೊಟ್ಟೆಗೆ ಹಾಕುವುದಿಲ್ಲ; ಅದಕ್ಕೆ 'ಲಾಸ್ ಆಫ್ ಲೈಸೆನ್ಸ್' ಎಂಬ ಬೇರೆಯೇ ವಿಮೆ ಇದೆ. ಉಳಿದದ್ದು ತಡವಾದರೂ ಇದನ್ನು ಮೊದಲು ನೋಡು ಎಂದೆ.

ಅಕ್ಕನಿಗೆ ಇದರಲ್ಲಿ ನೋವಾದದ್ದು ಬೇರೆ ಕಾರಣಕ್ಕೆ. ಹಾರುವ ಮುಂಚೆ ಬ್ರೆತ್ ಅನಲೈಸರ್ ಊದಬೇಕು, ಮದ್ಯಸಾರ ಇರುವ ಮೌತ್‌ವಾಶ್ ಕೂಡ ಬಾಯಿಗೆ ಹಾಕಬಾರದು. ಅಳಿಯ ಬಂದಾಗಲೆಲ್ಲ ಅವಳು ಪ್ರೀತಿಯಿಂದ ಕುಡಿಸುತ್ತಿದ್ದ ದ್ರಾಕ್ಷಾರಿಷ್ಟದಲ್ಲಿ ಅದು ತಾನಾಗಿಯೇ ಹುಟ್ಟಿರುತ್ತದೆ. "ನನ್ನ ಕೈಯಿಂದ ದಾರೂ ಕುಡಿಸಿಧಂಗ ಆತಲ್ಲೋ ತಮ್ಮಾ" ಎಂದು ಬಾಟಲಿಯನ್ನು ಮಾಡಿನ ಮೇಲೆ ಎತ್ತಿಟ್ಟಳು.

ಅಷ್ಟರಲ್ಲಿ ಸೊಸೆಯ ಪೆನ್ಸಿಲ್ ಅಪಘಾತ ವಿಮೆಯ ಕಡೆಯ ಪುಟಕ್ಕೆ ಬಂದಿತ್ತು. ಪ್ರಯಾಣಿಕನಾಗಿ ಕೂತಾಗ ಹೊರತು, ವಿಮಾನ ಹಾರಾಟದಲ್ಲಿ ತೊಡಗಿದ್ದಾಗ ಆದ ಅಪಘಾತಕ್ಕೆ ಪರಿಹಾರವಿಲ್ಲ ಎಂದು ಅಲ್ಲಿತ್ತು. ಅವಳು ಜೋರಾಗಿ ಓದಿದಳು. ಭಾವನವರು ಕಟ್ಟೆಯಿಂದಲೇ ತೀರ್ಪು ಕೊಟ್ಟರು: "ಅದಕ್ಯಾಕ ಅಷ್ಟು ಚಿಂತಿ? ಅವಂಗ ಹಿಂದಿನ ಸೀಟಿನ್ಯಾಗ ಕುಂಡ್ರಂತ ಹೇಳ್ರಿ."

ಕೊನೆಗೆ ಇಸಿಎಚ್‌ಎಸ್ ಕಾರ್ಡು ಭದ್ರ, ಕಂಪನಿಯದು ಇದ್ದೇ ಇದೆ, ಗಂಡ-ಹೆಂಡತಿ-ಮಕ್ಕಳಿಗೆ ರೂಮಿನ ಮಿತಿಯಿಲ್ಲದ ಒಡಲು-ಸೆರಗು ಎಂದು ತೀರ್ಮಾನವಾಯಿತು. ತಂದೆ-ತಾಯಿಗೆ ಬೇರೆ ಪಾಲಿಸಿ. ಕಂತು ತಾನೇ ಕಟ್ಟುವುದಾಗಿ ಭಾವನವರು ಹಟ ಹಿಡಿದರು, ಕಬ್ಬಿನ ಬಿಲ್ಲಿನಿಂದ. ರಾಮದುರ್ಗದವ ಹುರುಪಿನಿಂದ ಫಾರ್ಮ್ ತೆಗೆದು ಹೆಸರು, ವಯಸ್ಸು, ತೂಕ ಬರೆದುಕೊಂಡ.

"ಮದ್ಯ?"

"ಛೆ, ಛೆ."

"ತಂಬಾಕು?"

ಭಾವನವರು ಎದ್ದು ಹೋಗಿ ಅಂಗಳದ ಮೂಲೆಗೆ ಉಗುಳಿ ಬಂದು, ಬಾಯಿ ಒರೆಸಿಕೊಂಡು, "ಇಲ್ಲ" ಎಂದರು.

ಒಳಗಿನಿಂದ ಅಕ್ಕನ ದನಿ ಬಂತು. "ಹೌದಂತ ಬರೀರಿ."